ನನಗಿಂತ ಮೊದಲೇ ಕೆಲಸಕ್ಕೆ ಸೇರಿದವಳು

ಬುದ್ಧಿಗೆ ನಿಲುಕದ ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಚಹಾ ಮುಗಿಯುವವರೆಗೆ ಸುಮ್ಮನೆ ಕೇಳಿ, ಲೋಟ ಕೆಳಗಿಟ್ಟ ಮೇಲೆ ನಗುತ್ತಿದ್ದವಳು ನಾನು. ಅಜ್ಜಿಯ ಬಾಯಿಂದ ಚಿಕ್ಕಂದಿನಲ್ಲಿ ಬೇಕಾದಷ್ಟು ಕೇಳಿದ್ದೆ. ಅವರ ಮಾತಿನ ರೀತಿ ನನ್ನಲ್ಲಿ ಉಳಿಯಿತು, ನಂಬಿಕೆ ಉಳಿಯಲಿಲ್ಲ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಆಗ ನಾನು ಉಡುಪಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಮನೆ ಕಾರ್ಕಳದ ಹತ್ತಿರ. ನಮ್ಮ ಮನೆಯಲ್ಲಿ ಅಮ್ಮನ ಅಣ್ಣ, ಅಂದರೆ ಮಾವ, ಹೇಳಿದ ಮೇಲೆ ಮುಗಿಯಿತು. ಅವರು ಗೇರುಬೀಜದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೆಟ್ಟವರಲ್ಲ, ಆದರೆ ಆಡಿದ ಮಾತು ಬದಲಿಸುವವರಲ್ಲ. ಹಾಸ್ಟೆಲಿನ ಖರ್ಚು ಮುಂದಿನ ತಿಂಗಳಿನಿಂದ ನೀನೇ ನೋಡಿಕೊಳ್ಳುವುದಾದರೆ ಓದು, ಇಲ್ಲವಾದರೆ ಒಂದನೇ ತಾರೀಕಿಗೆ ಪ್ಯಾಕಿಂಗಿಗೆ ಬಾ, ಜಾಗ ಹೇಳಿಟ್ಟಿದ್ದೇನೆ ಎಂದಿದ್ದರು. ಒಂದನೇ ತಾರೀಕಿಗೆ ಎಂಟೇ ದಿನ ಉಳಿದಿತ್ತು.

ತರಗತಿ ಮುಗಿಯುವುದು ಒಂದೂವರೆಗೆ. ಹಾಸ್ಟೆಲಿನ ಗೇಟು ಹಾಕುವುದು ಆರೂವರೆಗೆ. ಈ ನಡುವೆ ಹಿಡಿಸುವಂಥ ಕೆಲಸವನ್ನು ಹುಡುಕಿಕೊಂಡು ಆ ಸೋಮವಾರ ಕಟಪಾಡಿಯ ಒಂದು ಬೇಕರಿಗೆ ಹೋದೆ. ಅವರಿಗೆ ರಾತ್ರಿ ಒಂಬತ್ತರವರೆಗೆ ಜನ ಬೇಕಿತ್ತು. ಒಂದು ಬನ್ನು ಕೊಟ್ಟು ಕಳಿಸಿದರು. ಮಂಗಳವಾರ ಕಾಪುವಿನ ಒಂದು ಲಾಡ್ಜಿಗೆ. ಅಲ್ಲಿನ ಮ್ಯಾನೇಜರ್ ನನ್ನ ಅಂಕಗಳಿಗಿಂತ ನನ್ನ ಹಾಸ್ಟೆಲಿನ ಬಗ್ಗೆಯೇ ಹೆಚ್ಚು ಕೇಳಿದ್ದರಿಂದ ಎದ್ದು ಬಂದೆ. ಬಂದ ದಾರಿಗೆ ಸುಂಕವಿರಲಿ ಎಂದು ಲೈಟ್‌ಹೌಸಿನ ಒಂದು ಫೋಟೋ ತೆಗೆದುಕೊಂಡೆ. ಬುಧವಾರ ಮೊಬೈಲ್ ಅಂಗಡಿ, ಗುರುವಾರ ಲೆಕ್ಕಪರಿಶೋಧಕರ ಕಚೇರಿ. ಎರಡೂ ಕಡೆ ಐದರವರೆಗೆ ಕೂರಿಸಿ ಇಲ್ಲವೆಂದರು.

ಗುರುವಾರ ಸಂಜೆ ನನ್ನ ಕೋಣೆಯ ಜೊತೆಗಾತಿ ಲವೀನಾ ಒಂದು ಸುದ್ದಿ ಹೇಳಿದಳು. ಅವಳು ಕಲ್ಯಾಣಪುರದವಳು. ಅವಳ ದೂರದ ಸಂಬಂಧಿ ಜುಲಿಯಾನಾ ಬಾಯಿ ಮಣಿಪಾಲದಲ್ಲಿ ಬೈಂಡಿಂಗ್ ಅಂಗಡಿಯಲ್ಲಿದ್ದಾರಂತೆ. ವಿದ್ಯಾರ್ಥಿಗಳ ಪ್ರಬಂಧಗಳನ್ನು ಹೊಲಿಯುವ ಮೊದಲು ಪುಟಗಳನ್ನು ನೋಡಿ ಜೋಡಿಸಲು ಒಬ್ಬಳು ಹುಡುಗಿ ಬೇಕೆಂದು ಎರಡು ವಾರದ ಹಿಂದೆಯೇ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹೇಳಿದ್ದರಂತೆ, ಇವಳು ಮರೆತಿದ್ದಳು. ಹೊತ್ತು ಎರಡರಿಂದ ಆರು.

"ನಿನ್ನ ಅಳತೆ ತೆಗೆದು ಹೊಲಿಸಿದ ಹಾಗೆ ಉಂಟು ಮಾರಾಯ್ತಿ," ಎಂದಳು.

ಅಷ್ಟು ಸರಿಯಾಗಿ ಹೊಂದಿದ್ದೇ ನನಗೆ ಸರಿ ಕಾಣಲಿಲ್ಲ. ಆದರೂ ಶುಕ್ರವಾರ ಹೋದೆ.

ಅಂಗಡಿ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಮಾಲೀಕರು ಹಸನಬ್ಬ, ಕಾಪು ಕಡೆಯ ಬ್ಯಾರಿ ಮುಸಲ್ಮಾನರು, ಅರುವತ್ತು ದಾಟಿದವರು; ಎಲ್ಲರೂ ಕಾಕ ಎನ್ನುತ್ತಿದ್ದರು. ಮೂಲೆಯಲ್ಲಿ ಜುಲಿಯಾನಾ ಬಾಯಿ ಸೂಜಿ ಹಿಡಿದು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕಾಕ ತಲೆಯೆತ್ತದೆ ನನ್ನ ಹೆಸರು ಹಿಡಿದು ಕರೆದು, "ನಿನ್ನೆ ಅರ್ಧಕ್ಕೆ ಬಿಟ್ಟದ್ದು ಅಲ್ಲೇ ಉಂಟು, ನೋಡು," ಎಂದರು.

ನಾನು ಇವತ್ತೇ ಮೊದಲು ಬರುತ್ತಿರುವುದು, ಕೆಲಸ ಕೇಳಲಿಕ್ಕೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಎಂತ ತಮಾಷೆ ಇದು? ಸೋಮವಾರದಿಂದ ಬರ್ತಾ ಇದ್ದಿ ಅಲ್ವಾ."

ಜುಲಿಯಾನಾ ಬಾಯಿ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, ಜ್ವರ ಉಂಟಾ ಮಗಾ ಎಂದು ಕೇಳಿದರು. ಇಬ್ಬರ ಮುಖದಲ್ಲೂ ನಗೆಯ ಸುಳಿವಿರಲಿಲ್ಲ. ಹೊಸ ಹುಡುಗಿಯರನ್ನು ಹೀಗೆ ಗಲಿಬಿಲಿ ಮಾಡಿ ಬಲೆಗೆ ಹಾಕುವವರೋ ಏನೋ ಎಂದು ನನಗೆ ಅನುಮಾನವಾಯಿತು. ಲವೀನಾಳ ನಂಬರನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು, ಬಾಗಿಲ ಪಕ್ಕದ ಸ್ಟೂಲಿನಲ್ಲೇ ಕೂತೆ.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಪುಟ ನೋಡಿದವರು ಕೊನೆಯ ಪುಟದ ಹಿಂದೆ ಪೆನ್ಸಿಲಿನಲ್ಲಿ ತಮ್ಮದೇ ಒಂದು ಗುರುತು ಹಾಕಬೇಕು. ನಾಳೆ ದೂರು ಬಂದರೆ ಯಾರ ಕೈ ಎಂದು ಗೊತ್ತಾಗಲಿ ಎಂದು. ಕಾಕ ನನ್ನ ಮುಂದೆ ತಂದಿಟ್ಟ ಕಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಪ್ರತಿಯೊಂದರ ಹಿಂದೆಯೂ ಒಂದು ಸಣ್ಣ ಸೊನ್ನೆ, ಅದರ ಕೆಳಗೆ ಎರಡು ಗೀಟು.

ಅದು ನನ್ನ ಅಜ್ಜಿಯ ಗುರುತು. ಅಜ್ಜಿ ಬೀಡಿ ಕಟ್ಟುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟಾಗ ತನ್ನ ಕಟ್ಟುಗಳು ಬೇರೆಯವರದ್ದರೊಡನೆ ಬೆರೆಯಬಾರದೆಂದು, ಅಕ್ಷರ ಬಾರದ ಅವರು ಕಾಗದದ ಮೇಲೆ ಹಾಕುತ್ತಿದ್ದದ್ದು ಅದನ್ನೇ. ಅವರು ತೀರಿದ ಮೇಲೆ ನಾನು ನನ್ನ ನೋಟ್ಸಿನ ಮೂಲೆಯಲ್ಲಿ ಹಾಕಿಕೊಳ್ಳುತ್ತಿದ್ದೆ. ನಾನು ಹಾಗೆ ಹಾಕಿಕೊಳ್ಳುವುದು ಮಾವನಿಗೂ ಗೊತ್ತಿರಲಿಲ್ಲ. ಒಬ್ಬಳು ಲವೀನಾ ಕಂಡಿರಬಹುದು. ಆದರೆ ಲವೀನಾ ನನ್ನ ಭುಜದಷ್ಟು ಎತ್ತರ, ಗುಂಗುರು ಕೂದಲು. ಅವಳನ್ನು ನಾನೆಂದು ಯಾರೂ ತಿಳಿಯುವಂತಿರಲಿಲ್ಲ.

ನಾನು ಎದ್ದು ಹೊರಡುವುದರಲ್ಲಿದ್ದೆ. ಅಷ್ಟರಲ್ಲಿ ಒಬ್ಬ ವೈದ್ಯವಿದ್ಯಾರ್ಥಿ ದಡಬಡ ಇಳಿದು ಬಂದ. ಹಿಂದಿನ ದಿನ ಒಯ್ದ ಪ್ರಬಂಧವನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅಡ್ಡವಾಗಿ ಮುದ್ರಿಸಿದ ಕೋಷ್ಟಕಗಳ ತಲೆ ಹೊಲಿಗೆಯ ಕಡೆಗೆ ಇರಬೇಕು; ಇಲ್ಲಿ ಹೊರಗಿನ ಅಂಚಿಗಿತ್ತು. ಹೊಸಬರು ಮಾಡುವ ತಪ್ಪೇ ಅದು. ನಾಳೆ ಬೆಳಿಗ್ಗೆ ಒಪ್ಪಿಸಬೇಕು, ಇದನ್ನು ನಾನು ಹೇಗೆ ಕೊಡಲಿ ಎಂದು ಅವನು ಕೂಗಾಡಿದ. ಕಾಕ ಏನೂ ಹೇಳದೆ ಕೊನೆಯ ಪುಟ ತಿರುಗಿಸಿ ನನ್ನತ್ತ ಹಿಡಿದರು. ಸೊನ್ನೆ, ಎರಡು ಗೀಟು.

"ಇದು ನಿನ್ನ ಗುರುತು ಹೌದಾ ಅಲ್ವಾ?"

ನಾನು ಆ ಪುಟವನ್ನು ಕೈಗೆ ತೆಗೆದುಕೊಂಡು ನೋಡಿದೆ.

"ತಪ್ಪು ನನಗೂ ಆಗ್ತದೆ. ಅದಕ್ಕೆ ನಾನು ಯಾರನ್ನೂ ಕಳಿಸಿದವನಲ್ಲ. ಸುಳ್ಳು ಹೇಳುವವರನ್ನು ಮಾತ್ರ ಇಟ್ಟುಕೊಳ್ಳುವುದಿಲ್ಲ. ಹೇಳು."

ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಭೂತವೂ ಅಲ್ಲ, ದೆವ್ವವೂ ಅಲ್ಲ. ಕಾರ್ಖಾನೆಯ ಪ್ಯಾಕಿಂಗ್ ಮೇಜು. ಅಲ್ಲ ಎಂದರೆ ನಾನು ಸುಳ್ಳಿ, ಕೆಲಸವಿಲ್ಲ. ಹೌದು ಎಂದರೆ ಎರಡರಿಂದ ಆರು, ಓದು ಮುಗಿಯುವವರೆಗೆ.

"ನಾನೇ ಕಾಕ. ತಪ್ಪಾಯಿತು," ಎಂದೆ.

ಅವರ ಮುಖ ಸಡಿಲವಾಯಿತು. ಹಾಗೆ ಹೇಳು ಮತ್ತೆ ಎಂದು ಹೊಲಿಗೆ ಬಿಚ್ಚಲು ಕೂತರು. ನಾನು ಕೋಷ್ಟಕಗಳನ್ನು ಸರಿಯಾಗಿ ತಿರುಗಿಸಿ ಜೋಡಿಸಿ ಕೊಟ್ಟೆ. ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಲಿಲ್ಲ, ಕೇಳಿದರೆ ಸಿಕ್ಕಿಬೀಳುತ್ತಿದ್ದೆ. ಆರಕ್ಕೆ ಐದು ನಿಮಿಷವಿರುವಾಗ ಕೊನೆಯ ಪುಟದ ಹಿಂದೆ ಗುರುತು ಹಾಕಿದೆ. ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ನನ್ನದೆಂದು ನನಗೇ ತಿಳಿಯುತ್ತಿರಲಿಲ್ಲ.

ಹಾಸ್ಟೆಲಿಗೆ ಬಂದು ಲವೀನಾಳನ್ನು ಹಿಡಿದುಕೊಂಡೆ. ಅವಳು ಮೊದಲು ನಕ್ಕಳು, ಆಮೇಲೆ ಅಳು ಬಂತು ಅವಳಿಗೆ. ಅಮ್ಮನಾಣೆಗೂ ನಾನು ಆ ಅಂಗಡಿಯ ಮೆಟ್ಟಿಲು ಇಳಿದವಳಲ್ಲ ಎಂದಳು. ನಂಬಿದೆ, ಪೂರ್ತಿ ನಂಬಿದೆನೆಂದು ಹೇಳಲಾರೆ. ಅನಂತರ ನನ್ನ ಮೇಲೆಯೇ ಸಂಶಯ ಬಂತು. ಪರ್ಸು ಸುರಿದು ಬಸ್ ಟಿಕೇಟುಗಳನ್ನು ಹಾಸಿಗೆಯ ಮೇಲೆ ಹರಡಿದೆ. ಕಟಪಾಡಿಗೆ ಹೋದದ್ದು, ಕಾಪುವಿಗೆ ಹೋದದ್ದು, ಎಲ್ಲ ಇತ್ತು. ಫೋನಿನಲ್ಲಿ ಲೈಟ್‌ಹೌಸಿನ ಫೋಟೋ ಇತ್ತು, ಮಂಗಳವಾರ ಮಧ್ಯಾಹ್ನ ಮೂರು ಗಂಟೆಯದ್ದು. ಅದೇ ಮೂರು ಗಂಟೆಗೆ ಮಣಿಪಾಲದಲ್ಲಿ ನಾನು ಪುಟ ಎಣಿಸುತ್ತಿದ್ದೆನೆಂದು ಇಬ್ಬರು ಹಿರಿಯರು ಹೇಳುತ್ತಿದ್ದರು. ಅಂಗಡಿಯಲ್ಲಿ ಕ್ಯಾಮೆರಾ ಇರಲಿಲ್ಲ.

ಮುಂದಿನ ವಾರವಿಡೀ ಕೊನೆಯ ತರಗತಿ ತಪ್ಪಿಸಿ ಬೇಗ ಹೋಗಿ ಎದುರಿನ ಜ್ಯೂಸ್ ಅಂಗಡಿಯ ಬಳಿ ನಿಂತು ಕಾದೆ. ಆ ಮೆಟ್ಟಿಲಿನತ್ತ ನನ್ನಂಥವಳು ಯಾರೂ ಬರಲಿಲ್ಲ. ಸರಿಯಾಗಿ ಎರಡಕ್ಕೆ ನಾನೇ ಇಳಿಯುತ್ತಿದ್ದೆ. ಪರೀಕ್ಷೆ ಮುಗಿಯುವವರೆಗೂ ಅಲ್ಲಿ ದುಡಿದೆ. ಮಾವ ಮಾತಿಗೆ ತಪ್ಪಲಿಲ್ಲ, ಮತ್ತೆ ಕಾರ್ಖಾನೆಯ ವಿಷಯ ಎತ್ತಲಿಲ್ಲ. ಕಾಕನಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಾವುದು ನಿಜ ಎಂದು ಹೇಳುವುದು?

ಬಿಡುವ ದಿನ ಜುಲಿಯಾನಾ ಬಾಯಿ ಡಬ್ಬಿಯಲ್ಲಿ ಸಾನ್ನ, ಅವರ ಕಡೆಯ ಇಡ್ಲಿ, ತಂದಿದ್ದರು. ತಿನ್ನುತ್ತಾ, ಮೊದಲ ನಾಲ್ಕು ದಿನ ನೀನು ಎಷ್ಟು ಪಾಪದವಳ ಹಾಗಿದ್ದಿ, ಈಗ ನೋಡು, ಬಾಯಿಗೆ ಬೀಗವೇ ಇಲ್ಲ ಎಂದು ನಕ್ಕರು. ನಾನು ಆದಷ್ಟು ಸಹಜವಾಗಿ ಕೇಳಿದೆ, ಹೇಗಿದ್ದೆ ಬಾಯಿ ಆಗ ಎಂದು.

"ಮಾತೇ ಇಲ್ಲ. ತಲೆ ಎತ್ತುವುದಿಲ್ಲ. ಈ ಕೆಲಸ ಎಲ್ಲಿ ಕೈ ಬಿಟ್ಟು ಹೋಗ್ತದೋ ಅಂತ ಹೆದರಿ ಹೆದರಿ ಮಾಡುವುದು. ನನಗೆ ನೋಡಿಯೇ ಬೇಜಾರಾಗ್ತಿತ್ತು."

ಕೈಯಲ್ಲಿದ್ದ ಸಾನ್ನವನ್ನು ನಾನು ಡಬ್ಬಿಗೆ ಹಿಂದಿಟ್ಟೆ. ಅಲ್ಲಿಯವರೆಗೆ ಆ ನಾಲ್ಕು ದಿನದವಳು ಯಾರು, ಎಲ್ಲಿಂದ ಬಂದಳು, ಏಕೆ ನನ್ನ ಹೆಸರು ಹೇಳಿದಳು ಎಂದಷ್ಟೇ ಯೋಚಿಸಿದ್ದೆ. ನಾನೇ ಎಂದು ಹೇಳಿ ನಾನು ಕೂತದ್ದು ಅವಳ ಸ್ಟೂಲಿನ ಮೇಲೆ ಎಂಬುದು ಅಂದು ಮೊದಲ ಬಾರಿ ಹೊಳೆಯಿತು. ಇಷ್ಟು ವರ್ಷಗಳಲ್ಲಿ ಇದನ್ನು ಕೆಲವರಿಗೆ ಹೇಳಿದ್ದೇನೆ. ಯಾರ ವಿವರಣೆಯೂ ಸಮಾಧಾನ ಕೊಟ್ಟಿಲ್ಲ. ಅವಳಿಗೆ ಆಮೇಲೆ ಬೇರೆ ಎಲ್ಲಾದರೂ ಕೆಲಸ ಸಿಕ್ಕಿತೋ ಇಲ್ಲವೋ, ಅದೂ ತಿಳಿದಿಲ್ಲ.