ಆಯ್ದ ಸಾಲು ಮಾತ್ರ

ಬನ್ನಂಜೆಯ ಡಿಟಿಪಿ ಅಂಗಡಿಗೆ ನಾನು ಸೇರಿದಾಗ, ಕಾಪುವಿನಿಂದ ಬಸ್ಸಿನಲ್ಲಿ ಬರುವ ಅಕ್ಕ ಒಬ್ಬರು ಅಲ್ಲಿ ಹಳೆಯ ಟೈಪಿಸ್ಟ್. ಒಂದು ಪದ ಹತ್ತು ಕಡೆ ಬದಲಾಗಬೇಕೆಂದರೆ ಹತ್ತು ಕಡೆಯೂ ಓದಿ, ಅಳಿಸಿ, ಬರೆಯುವವರು. ನನಗೆ ಜಂಬ ತಡೆಯಲಿಲ್ಲ. ಕಂಪ್ಯೂಟರೇ ಎಲ್ಲ ಕಡೆ ಹುಡುಕಿ ಬದಲಿಸುವುದನ್ನು ತೋರಿಸಿಕೊಟ್ಟು, "ಒಂದು ಬಟನ್ ಒತ್ತಿದರೆ ಮುಗಿಯಿತು ಅಕ್ಕ" ಎಂದೆ.

ಎದುರಿಗೆ ಒಂದು ಮದುವೆ ಕಾಗದವಿತ್ತು. ಮದುಮಗಳ ತಂದೆ ತೀರಿಕೊಂಡಿದ್ದರು. ಅವರ ಹೆಸರಿನ ಮೊದಲು 'ದಿವಂಗತ' ಸೇರಿಸಬೇಕಿತ್ತು. ಅಕ್ಕ ಹೆದರುತ್ತಲೇ ಹುಡುಕುವ ಕಡೆ ಹೆಸರನ್ನೂ, ಬದಲಿಸುವ ಕಡೆ 'ದಿವಂಗತ' ಸೇರಿಸಿದ ಹೆಸರನ್ನೂ ತುಂಬಿಸಿ, "ಊಟ ಮಾಡಿ ಬಂದು ನೋಡಿ ಒತ್ತುತ್ತೇನೆ" ಎಂದು ಎದ್ದುಹೋದರು. ನನಗೆ ತಾಳ್ಮೆ ಎಲ್ಲಿ? ತಂದೆಯ ಸಾಲನ್ನು ಆಯ್ದುಕೊಂಡು, ಅದರೊಳಗೆ ಮಾತ್ರ ಬದಲಿಸಬೇಕಿತ್ತು. ನಾನು ಏನನ್ನೂ ಆಯ್ದುಕೊಳ್ಳದೆ ಇಡೀ ಕಾಗದಕ್ಕೇ ಒತ್ತಿಬಿಟ್ಟೆ. ಅಕ್ಕ ಬಂದು, "ಅಯ್ಯೋ, ನಾನು ಒತ್ತಿಯೇ ಹೋಗಿದ್ದೆನಾ?" ಎಂದರು. "ಮತ್ತೆ ಯಾರು ಒತ್ತುತ್ತಾರೆ?" ಎಂದು ತಮಾಷೆ ಮಾಡಿದೆ. ಅವರು ತಂದೆಯ ಸಾಲನ್ನು ನೋಡಿ, ಸರಿಯಾಗಿದೆ ಎಂದು ಮುದ್ರಣಕ್ಕೆ ಕೊಟ್ಟರು.

ಸೋದರಮಾವನ ಹೆಸರಿಲ್ಲದ ಮದುವೆ ಕಾಗದ ನಮ್ಮ ಕಡೆ ಉಂಟೇ? ಈ ಮದುಮಗಳ ಮಾವನಿಗೂ ತಂದೆಯದೇ ಹೆಸರು. ಮೊದಲ ಕಾಗದ ವೀಳ್ಯದೆಲೆ, ಅಡಿಕೆಯೊಂದಿಗೆ ಹೋದದ್ದು ಹಿರಿಯಡ್ಕದ ಆ ಮಾವನ ಮನೆಗೇ.

ಮರುದಿನ ಅವರೇ ಅಂಗಡಿಗೆ ಬಂದು ಕಾಗದವನ್ನು ಮೇಜಿನ ಮೇಲಿಟ್ಟರು. "ನಾನು ಸತ್ತದ್ದು ಯಾವಾಗ ಮಾರಾಯ್ರೆ? ಅಲ್ಲಿ ನನ್ನ ತಂಗಿ ಅಪಶಕುನವೆಂದು ಅಳುತ್ತಾ ಇದ್ದಾಳೆ. ಗಂಡ ಹೋದದ್ದು ಸಾಲದು ಅಂತ ಈಗ ಅಣ್ಣನೂ!"

ಅಕ್ಕ ಎದ್ದು ಕೈಮುಗಿದರು. "ನಂದೇ ತಪ್ಪು. ನೋಡದೆ ಒತ್ತಿಬಿಟ್ಟೆ."

ಆಗ ನಾನು ಬಾಯಿಬಿಡಬೇಕಿತ್ತು. ಪರದೆ ನೋಡುತ್ತಾ, ಏನೋ ಕೆಲಸವಿದ್ದವರ ಹಾಗೆ ಕೀಲಿ ಕುಟ್ಟುತ್ತಾ ಕುಳಿತೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಮಾಲಕರು ಅಕ್ಕನಿಗೆ, "ಇನ್ನು ಕಂಪ್ಯೂಟರ್ ನಿಮಗೆ ಬೇಡ, ಬೈಂಡಿಂಗ್ ಕಡೆ ಕೂತುಕೊಳ್ಳಿ" ಎಂದರು.

ಸಂಜೆ ಬಸ್ಸಿಗೆ ಹೊರಡುವ ಮೊದಲು ಅಕ್ಕ ನನ್ನ ಕುರ್ಚಿಯ ಬಳಿ ಬಂದರು. ಕೈಯಲ್ಲಿ ಸಣ್ಣದೊಂದು ಪುಸ್ತಕ, ಪೆನ್ನು.

"ಒಂದು ಸಾಲು ಮಾತ್ರ ಬದಲಿಸುವುದು ಹೇಗೆ, ಹೇಳು. ಬರೆದುಕೊಳ್ಳುತ್ತೇನೆ. ನೀನು ಸರಿಯಾಗಿಯೇ ಕಲಿಸಿದ್ದೆ, ನನಗೆ ತಲೆಗೆ ಹತ್ತಲಿಲ್ಲ."

"ಮೊದಲು ಆ ಸಾಲನ್ನು ಆಯ್ದುಕೊಳ್ಳಬೇಕು ಅಕ್ಕ" ಎಂದೆ.

ಅವರು ಬರೆದುಕೊಂಡರು. ಆಮೇಲೆ ಏನು ಎಂದು ಕೇಳಿದರು. ಅದನ್ನೂ ಹೇಳಿಕೊಟ್ಟೆ.