ಬಿಟ್ಟುಕೊಟ್ಟ ಚೀಟಿ

ಮನಶ್ಶಾಸ್ತ್ರದ ತರಗತಿಯಲ್ಲಿ ಪ್ರಯೋಗ ವಿನ್ಯಾಸದ ಪಾಠವನ್ನು ನಾನು ಈಗಲೂ ಮಾಡುತ್ತೇನೆ. ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಬೇಕು, ಯಾರು ಯಾವ ಗುಂಪಿಗೆ ಎನ್ನುವುದು ಯಾರ ಇಷ್ಟಕ್ಕೂ ಬಿಟ್ಟದ್ದಾಗಿರಬಾರದು ಎಂಬಲ್ಲಿಗೆ ಬಂದಾಗ ನನ್ನ ದನಿ ಒರಟಾಗುತ್ತದೆ. ಮೇಡಂಗೆ ಇವತ್ತು ಯಾಕೋ ಸಿಟ್ಟು ಎಂದು ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಸಿಟ್ಟೇ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಅಷ್ಟೇ.

ಕಿಬ್ಬನಹಳ್ಳಿಯಿಂದ ಸ್ವಲ್ಪ ಒಳಗೆ ಒಂದು ಕೊಬ್ಬರಿ ಶೆಡ್ಡು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ ಅಲ್ಲಿಗೆ ಬರುತ್ತದೆ. ಹೆಂಗಸರು ಸಾಲಾಗಿ ಕೂತು ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಾರೆ. ಉಂಡೆ ಹೋಳಾದರೆ ಬೆಲೆ ಬೀಳುತ್ತದೆ, ಹಾಗಾಗಿ ಕಣ್ಣೆಲ್ಲ ಕೈಮೇಲೆ, ಮಾತು ಕಡಿಮೆ. ನನ್ನ ಪಿಎಚ್‌.ಡಿ.ಗೆ ನಾನು ಆರಿಸಿಕೊಂಡದ್ದು ಈ ಶೆಡ್ಡನ್ನು. ಪ್ರಶ್ನೆ ಸರಳವಾಗಿತ್ತು: ಮನಸ್ಸು ಕುಗ್ಗಿದವರ ಮಾತನ್ನು ವಾರಕ್ಕೊಮ್ಮೆ ಯಾರಾದರೂ ಕೂತು ಕೇಳಿಸಿಕೊಂಡರೆ ಅವರಿಗೆ ಹಗುರಾಗುತ್ತದೆಯೇ? ತುಮಕೂರಿನಿಂದ ಆಪ್ತಸಮಾಲೋಚಕಿಯೊಬ್ಬರು ಬಂದು, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುವುದೆಂದಾಯಿತು. ಅರ್ಧ ಜನಕ್ಕೆ ಈಗ, ಉಳಿದವರಿಗೆ ಮೂರು ತಿಂಗಳ ನಂತರ. ಕಾಯುವವರು ಇದ್ದರೆ ತಾನೇ ಹೋಲಿಸಿ ನೋಡಲು ಆಗುವುದು.

ನನ್ನ ಕೆಲಸ ಮೊದಲೊಮ್ಮೆ, ಕೊನೆಗೊಮ್ಮೆ ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಒಂದೇ ದನಿಯಲ್ಲಿ ಕೇಳುವುದು. ಯಾರು ಯಾವ ಗುಂಪು ಎಂದು ನನಗೆ ಗೊತ್ತಿರಬಾರದು. ಗೊತ್ತಿದ್ದರೆ ನನ್ನ ಆಸೆ ಅಂಕಿಗಳೊಳಗೆ ನುಸುಳುತ್ತದೆ. ಹಾಗಾಗಿ ಸಮಾಲೋಚಕಿ ಬರುವ ದಿನ ನಾನು ಅತ್ತ ಸುಳಿಯುವಂತಿರಲಿಲ್ಲ.

ಶೆಡ್ಡಿನಲ್ಲಿ ಎಲ್ಲರಿಗಿಂತ ಚುರುಕು ಕೈಯ ಒಬ್ಬರಿದ್ದರು, ಐವತ್ತರ ಆಸುಪಾಸು, ಎತ್ತರದ ಹೆಂಗಸು. ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ನಕ್ಕರು. “ಮನೆ ತುಂಬ ಜನ ಅವ್ರೆ ಕಣವ್ವ. ಹೇಳ್ಕಳಕ್ಕೆ ಯಾರೂ ಇಲ್ಲ.”

ನಾನು ಏಳುವ ಹೊತ್ತಿಗೆ ದನಿ ತಗ್ಗಿಸಿ ಕೇಳಿದರು, “ಆ ತುಮಕೂರು ಮೇಡಂ, ನಾವು ಹೇಳಿದ್ದ ಆಚೆ ಹೇಳಾಕಿಲ್ವಾ?”

ಇಲ್ಲ ಎಂದೆ. “ಹಂಗಾರೆ ನಂದೂ ಒಂದಷ್ಟು ಐತೆ” ಎಂದರು.

ಚೀಟಿ ಎತ್ತುವ ದಿನ ಸ್ಟೀಲ್ ಬೋಸಿಯಲ್ಲಿ ಮಡಿಚಿದ ಚೀಟಿಗಳನ್ನು ಹಾಕಿ ಶೆಡ್ಡಿನಲ್ಲಿ ಲೆಕ್ಕ ಬರೆಯುವ ರೈಟರ್ ಕೈಗೆ ಕೊಟ್ಟು ನಾನು ಹೊರಟುಬಿಟ್ಟೆ. ಕೆಂಪು ಗುರುತಿನ ಚೀಟಿ ಬಂದವರು ಅದನ್ನು ತೋರಿಸಿ ಒಳಗೆ ಹೋಗಬೇಕು. ಚೀಟಿಯ ಮೇಲೆ ಹೆಸರಿಲ್ಲದ, ಯಾರು ಯಾವ ಗುಂಪೆಂದು ನನಗೆ ಗೊತ್ತಾಗದ ಈ ಏರ್ಪಾಟಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ಹೆಂಗಸರು ತಮ್ಮತಮ್ಮಲ್ಲೇ ದುಡ್ಡಿನ ಚೀಟಿ ನಡೆಸುತ್ತಿದ್ದರು. ನಮ್ಮ ತುರುವೇಕೆರೆ ಕಡೆಯೂ ಉಂಟು, ನಮ್ಮಮ್ಮನೂ ಹಾಕುತ್ತಿದ್ದಳು. ತಿಂಗಳಿಗೊಮ್ಮೆ ಎತ್ತುತ್ತಾರೆ, ಯಾರ ಚೀಟಿ ಬರುತ್ತದೋ ಅವರಿಗೆ ದುಡ್ಡು. ಆದರೆ ಇನ್ನೊಬ್ಬರ ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಇದ್ದರೆ, ಚೀಟಿ ಬಂದವಳು “ನೀನು ತಗಾ, ನಂಗೆ ಮುಂದಿನ್ಸಲ ಆಯ್ತದೆ” ಎಂದು ಬಿಟ್ಟುಕೊಡುತ್ತಾಳೆ. ಬಿಟ್ಟುಕೊಡದವಳನ್ನು ಮನುಷ್ಯಳೆಂದು ಯಾರೂ ಎಣಿಸುವುದಿಲ್ಲ.

ಮೂರು ತಿಂಗಳಾದ ಮೇಲೆ ನನ್ನ ಗೈಡ್, ಒಳಗೆ ಬಂದವರ ಪಟ್ಟಿಯನ್ನು ಸಮಾಲೋಚಕಿಯಿಂದ ತರಿಸಿಕೊಂಡು ನನ್ನ ಅಂಕಿಗಳಿಗೆ ಹೊಂದಿಸಿ ನೋಡಿದರು. ಮಾತಾಡಿ ಬಂದವರು ಕಾಯುತ್ತಿದ್ದವರಿಗಿಂತ ಹೆಚ್ಚು ಕುಗ್ಗಿದ್ದರು. ಅಷ್ಟೇ ಅಲ್ಲ, ಶುರುವಿನಲ್ಲೇ ತೀರಾ ಕುಗ್ಗಿದ್ದವರೆಲ್ಲ ಒಳಗಿನ ಗುಂಪಿನಲ್ಲೇ ಇದ್ದರು. “ಚೀಟಿ ಎತ್ತಿದರೆ ಹೀಗಾಗೋದು ತೀರಾ ಅಪರೂಪ. ಹೋಗಿ ವಿಚಾರಿಸಿಕೊಂಡು ಬಾರಮ್ಮ” ಎಂದರು.

ಹೋದೆ. ಊಟದ ಹೊತ್ತು. ನಾನು ಬಾಯಿ ತೆರೆಯುವ ಮೊದಲೇ ಆ ಎತ್ತರದ ಹೆಂಗಸು ಎದ್ದು ಬಂದರು. “ಇನ್ಮುಂದೆ ನಮ್ ಸರದಿ ಅಲ್ವಾ ಮೇಡಂ? ನಂಗೆ ಕೆಂಪು ಗುರ್ತಿಂದೇ ಬಂದಿತ್ತು. ಅಕಾ, ಅವ್ಳ್ಗೆ ಕೊಟ್ಟೆ. ಮಗಳ್ನ ಕಳ್ಕಂಡು ಅನ್ನಾನೇ ಬುಟ್ಟಿದ್ಲು ಕಣವ್ವ.”

ಅವರು ತೋರಿಸಿದವಳು ತಲೆ ಬಾಚಿ ಜಡೆ ಹಾಕಿಕೊಂಡಿದ್ದಳು. ಎಲ್ಲರ ಜೊತೆ ಕೂತು ಮುದ್ದೆ ಮುರಿಯುತ್ತಿದ್ದಳು. ಮೊದಲ ಸಲ ನಾನು ಕಂಡಾಗ ಗೋಡೆ ಕಡೆ ಮುಖ ಮಾಡಿ ಕೂತಿದ್ದವಳು ಅವಳು. ಇವರು ಚೀಟಿ ಕೊಟ್ಟದ್ದನ್ನು ನೋಡಿ ಕೆಂಪು ಗುರುತು ಬಂದ ಉಳಿದವರೂ ತಮ್ಮ ತಮ್ಮ ಪಕ್ಕದ ನೊಂದವರಿಗೆ ಕೊಟ್ಟಿದ್ದರು. ಎಲ್ಲರಿಗೂ ಅವರವರ ಸರದಿ ಬಂದೇ ಬರುತ್ತದೆ ಎಂಬ ನಂಬಿಕೆ ಅವರದು.

ಗೈಡ್ ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು. “ಆ ಹೆಣ್ಣುಮಗಳು ದಿನ ಕಳೆದಂತೆ ತಾನಾಗೇ ಚೇತರಿಸಿಕೊಂಡಿರಬಹುದಲ್ವಾ? ಅದನ್ನ ತಿಳಿಯೋಕೇ ಅಲ್ವೇನಮ್ಮ ನಾವು ಚೀಟಿ ಎತ್ತಿದ್ದು? ಈಗ ಏನೂ ಹೇಳೋಕಾಗಲ್ಲ.” ಅವರು ಹೇಳಿದ ಒಂದೊಂದು ಮಾತೂ ಸರಿ. ಒಂದಾದರೂ ತಪ್ಪಿದ್ದಿದ್ದರೆ ಜಗಳವಾಡುತ್ತಿದ್ದೆ. ಅಧ್ಯಯನಕ್ಕೆ ಹಣ ಕೊಡುತ್ತಿದ್ದವರು, ಉಪಯೋಗ ಕಾಣದ ಕೆಲಸಕ್ಕೆ ಎರಡನೇ ಸುತ್ತು ಬೇಡ ಎಂದರು. ಸಮಾಲೋಚಕಿ ಬೇರೆ ಊರಿಗೆ ಹೊರಟುಹೋದರು. ಯಾರ್ಯಾರ ಬಾಗಿಲಿಗೋ ಅಲೆದೆ, ಏನೂ ಗಿಟ್ಟಲಿಲ್ಲ.

ಹೇಳುವುದಕ್ಕೆ ನಾನೇ ಹೋಗಬೇಕಾಯಿತು. ಚಿಪ್ಪಿನ ರಾಶಿಯ ಪಕ್ಕ ನಿಂತು, “ಎರಡನೇ ಸರದಿ ಇಲ್ಲ ಅಕ್ಕ, ನಿಂತೋಯ್ತು” ಎಂದೆ.

“ಯಾಕವ್ವ?”

“ಲೆಕ್ಕ ಸರಿ ಬರಲಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. “ನಾವು ಚೀಟಿ ಬದಲಾಯಿಸ್ಕಂಡಿದ್ಕಾ?”

ಇಲ್ಲ ಎಂದುಬಿಡಬಹುದಿತ್ತು. ಅದರ ಬದಲು, ತುಮಕೂರಿನಲ್ಲಿ ಬೇರೊಬ್ಬ ಸಮಾಲೋಚಕಿಯ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. “ಮನೇಲಿ ಏನಂತ ಹೇಳಿ ಬರ್ಲಿ? ಇಲ್ಲೇ ಆಗಿದ್ರೆ ಕೆಲ್ಸಕ್ಕೆ ಬಂದಂಗಿರೋದು.” ಹಾಗಾದರೆ ಈಗಲೇ ನನ್ನ ಹತ್ತಿರ ಹೇಳಿ, ಕೇಳುತ್ತೇನೆ ಎಂದೆ. ಅವರಿಗಾಗಿ ಕೇಳಿಕೊಳ್ಳುತ್ತಿದ್ದೆನೋ, ನನಗಾಗಿ ಕೇಳಿಕೊಳ್ಳುತ್ತಿದ್ದೆನೋ ಗೊತ್ತಿಲ್ಲ. ಅವರು ಬೇಡವೆಂದು ತಲೆಯಾಡಿಸಿದರು. “ನೀವು ಬರ್ಕಳೋರು ಕಣವ್ವ.”

ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ನಿಂತರು. ಮಾತಿನಲ್ಲಿ ಕೋಪವಿರಲಿಲ್ಲ. “ನನ್ ಚೀಟಿ ನಾನೇ ಮಡಿಕಬೇಕಾಗಿತ್ತು. ಇನ್ಮ್ಯಾಕೆ ಯಾರ್ಗೂ ಏನೂ ಬುಟ್ಕೊಡಾಕಿಲ್ಲ ಬುಡಿ.”

ಅವರಿಗೆ ಹೇಳಿಕೊಳ್ಳಬೇಕಾಗಿದ್ದದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಅಧ್ಯಯನದಿಂದ ಅವರಲ್ಲಿ ಆದ ಬದಲಾವಣೆ ಮಾತ್ರ ಗೊತ್ತು. ಅದು ನಮ್ಮಿಂದಲೇ ಆದದ್ದು ಎಂದು ಹೇಳಲು ಹೋಲಿಕೆಗೆ ಇನ್ನೊಂದು ಗುಂಪು ಬೇಕಿಲ್ಲ.