ದೊಡ್ಡಪ್ಪನ ಅಳತೆಯ ಕೆಂಪು ಕಾರು

ಟಣ್, ಟಣ್, ಟಣಟಣ. ಆಮೇಲೆ ತಗಡು ಕತ್ತರಿಸುವ ಉದ್ದನೆಯ ಕಿರ್ರ್. ತೊಂಬತ್ತರ ದಶಕದ ಆ ದಿನಗಳಲ್ಲಿ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬೆಳಗಾಗುತ್ತಿದ್ದುದೇ ಈ ಸದ್ದಿಗೆ. ಹಿತ್ತಲಿಗೆ ಅಂಟಿಕೊಂಡಂತೆ ದೊಡ್ಡಪ್ಪನ ಶೆಡ್ಡು. ಅಲ್ಲಿ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದರು. ಪೇಂಟು, ಟರ್ಪೆಂಟೈನು, ವೆಲ್ಡಿಂಗಿನ ಸುಟ್ಟ ವಾಸನೆಯೆಲ್ಲ ಹುರುಳಿಸಾರಿನ ಘಮದೊಳಗೆ ಸೇರಿಕೊಂಡು, ನಮ್ಮ ಊಟಕ್ಕೇ ಒಂದು ಗ್ಯಾರೇಜ್ ಫ್ಲೇವರ್ ಇರುತ್ತಿತ್ತು.

ನಾನಾಗ ಕಾನ್ವೆಂಟಿನಲ್ಲಿ ಏಳನೇ ಕ್ಲಾಸು. ಶೆಡ್ಡಿನಲ್ಲಿ ತಗಡು ಬಡಿಯುವ ಟಿಂಕರ್ ಅನ್ವರ್ ಸಾಬರ ಮಗಳು ಶಬೀನಾ ನನ್ನ ಬೆಂಚ್‌ಮೇಟ್. ದಸರಾ ರಜೆ ಮುಗಿದು ಸ್ಕೂಲು ತೆರೆಯುವ ದಿನವೇ ‘ಬೆಸ್ಟ್ ಔಟ್ ಆಫ್ ವೇಸ್ಟ್’ ಎಕ್ಸಿಬಿಷನ್ ಎಂದು ಸಿಸ್ಟರ್ ಬರ್ನಡೆಟ್ ಅನೌನ್ಸ್ ಮಾಡಿದರು. ನಾವಿಬ್ಬರೂ ಎದ್ದುನಿಂತು, ಸ್ಪೋರ್ಟ್ಸ್ ಕಾರ್ ಮಾಡುತ್ತೇವೆ ಎಂದೆವು. ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು.

“ವೆರಿ ವೆಲ್. ಬಟ್ ಇಟ್ ಮಸ್ಟ್ ಮೂವ್. ಓಡಿದರೆ ವರ್ಕಿಂಗ್ ಮಾಡೆಲ್ ಟೇಬಲ್. ಇಲ್ಲದಿದ್ದರೆ ಫ್ಲವರ್ ವಾಸ್‌ಗಳ ಪಕ್ಕ.”

ಹಿಂದಿನ ವರ್ಷ ಒಡೆದ ಬಳೆಗಳ ಫ್ಲವರ್ ವಾಸ್ ಮಾಡಿ, ಅದರ ಹಿಂದೆ ಇಡೀ ದಿನ ನಿಂತಿದ್ದವರು ನಾವು. ಹುಡುಗರ ನೀರೆತ್ತುವ ಪಂಪಿನ ಸುತ್ತ ಜನ ಮುತ್ತಿಕೊಂಡಿದ್ದರೆ, ನಮ್ಮ ಕಡೆ ಬಂದ ಒಬ್ಬ ಹೆಂಗಸು ‘ಬಳೆ ಯಾವ ಅಂಗಡೀದು?’ ಎಂದು ಕೇಳಿ ಹೋಗಿದ್ದಳು. “ಈ ಸಲ ಸತ್ರೂ ಆ ವಾಸ್ ಟೇಬಲ್ಲಿಗೆ ಓಗಲ್ಲ ಕಣೆ ಸುಮಿ,” ಎಂದು ಶಬೀನಾ ಹಲ್ಲು ಕಚ್ಚಿದಳು.

ಶೆಡ್ಡಿನ ಗೋಡೆಗೆ ಒಂದು ಹಳೇ ಕ್ಯಾಲೆಂಡರು. ಅದರಲ್ಲಿ ಟಾಪಿಲ್ಲದ ಕೆಂಪು ಕಾರು, ಅದಕ್ಕೊರಗಿ ನಿಂತ ಒಬ್ಬ ಸೂಟುಧಾರಿ. ಕಾರಿನ ನಿಜವಾದ ಉದ್ದ ಯಾರಿಗೆ ಗೊತ್ತು? ಸೂಟಿನವನು ನಮ್ಮ ದೊಡ್ಡಪ್ಪನಷ್ಟೇ ಎತ್ತರ ಇದ್ದಾನು ಎಂದುಕೊಂಡು ದೊಡ್ಡಪ್ಪನನ್ನು ಗೋಡೆಗೆ ನಿಲ್ಲಿಸಿ ಅಳೆದೆವು.

“ಎದೆನೂ ಅಳೀರವ್ವಾ, ಪೊಲೀಸ್ ಕೆಲ್ಸುಕ್ ಸೇರ್ಕಂತೀನಿ,” ಎಂದರು ದೊಡ್ಡಪ್ಪ. ಆಮೇಲೆ ಕ್ಯಾಲೆಂಡರ್ ನೋಡಿ, “ಟಾಪೇ ಇಲ್ವಲ್ಲಾ! ಮಳೆ ಬಂದ್ರೆ ಕೊಡೆ ಇಡ್ಕಂಡ್ ಓಡುಸ್ತಾನಾ ಇವ್ನು?”

ಚಿತ್ರದಲ್ಲಿ ಸೂಟಿನವನಿಗೆ ಹೋಲಿಸಿದಾಗ, ಕಾರು ಎರಡೂವರೆ ದೊಡ್ಡಪ್ಪನಷ್ಟು ಉದ್ದ ಎಂದು ಲೆಕ್ಕ ಸಿಕ್ಕಿತು. ಅದರ ಹತ್ತನೇ ಒಂದು ಭಾಗ ನಮ್ಮ ಸ್ಕೇಲು. ಲಾರಿಗೆ ಬಡಿದು ಮಿಕ್ಕ ತಗಡಿನ ಚೂರು ಬಾಡಿಯಾಯಿತು. ಪ್ಲೈವುಡ್ ತುಂಡು ತಳದ ಚಾಸಿ. ಸೈಕಲ್ ಸ್ಪೋಕು ಆಕ್ಸಲ್. ಸವೆದ ಹವಾಯಿ ಚಪ್ಪಲಿ ಕತ್ತರಿಸಿ ಗಾಲಿ. ಸೀಟಿಗೆ ಕಂದು ರೆಕ್ಸಿನ್, ಸ್ಟಿಯರಿಂಗಿಗೆ ಕೀ ಬಂಚಿನ ರಿಂಗು. ಡಬ್ಬಿಯ ತಳದಲ್ಲಿ ಕೆನೆಗಟ್ಟಿದ್ದ ಕೆಂಪು ಪೇಂಟನ್ನು ಟರ್ಪೆಂಟೈನಿನಲ್ಲಿ ಕದಡಿ ಬಳಿದೆವು. ಅಂಗಳದಲ್ಲಿ ತಳ್ಳಿದರೆ ಸುಯ್ಯೆಂದು ಓಡಿತು. ನನಗಂತೂ ಪ್ರಪಂಚದಲ್ಲಿ ಅಷ್ಟು ಬ್ಯೂಟಿಫುಲ್ ವಸ್ತು ಬೇರೆ ಇರಲಿಲ್ಲ.

ಆಯುಧಪೂಜೆ ಬಂತು. ಶೆಡ್ಡು ಗುಡಿಸಿ, ಸುತ್ತಿಗೆ, ಕತ್ತರಿ, ಡ್ರಿಲ್ಲು, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಸಾಲಾಗಿ ಜೋಡಿಸಿದರು. ಲಾರಿಗಳ ಸಾಲಿನ ಕೊನೆಯಲ್ಲಿ ನಮ್ಮ ಕಾರು, ಅದಕ್ಕೂ ಒಂದು ಚೋಟುದ್ದ ಸೇವಂತಿಗೆ. ಲಾರಿಗಳ ಪೂಜೆ ಮುಗಿದ ಮೇಲೆ ದೊಡ್ಡಪ್ಪ ನಾಲ್ಕು ನಿಂಬೆಹಣ್ಣು ಹಿಡಿದುಕೊಂಡು ಬಂದರು.

“ಬ್ಯಾಡ ದೊಡ್ಡಪ್ಪ, ಇದು ಆಟದ್ದು,” ಎಂದೆ.

“ಆಟದ್ದೋ ಊಟದ್ದೋ, ಗಾಡಿ ಗಾಡಿನೇ ಕಣವ್ವ. ನಿಂಬೆಣ್ಣು ತುಳೀದಿರೋ ಗಾಡಿ ಈ ಶೆಡ್ಡಿಂದ ಆಚ್ಗೆ ಓಗಂಗಿಲ್ಲ.”

ನಾಲ್ಕೂ ಗಾಲಿಗಳ ಕೆಳಗೆ ನಿಂಬೆ ಇಟ್ಟರು. ನಿಂಬೆಗೂ ಗಾಲಿಗೂ ಹೆಚ್ಚುಕಡಿಮೆ ಒಂದೇ ಎತ್ತರ. ಕಾರು ಅವುಗಳ ಮೇಲೆ ಪಲ್ಲಕ್ಕಿಯಂತೆ ಕೂತಿತೇ ಹೊರತು ಹಣ್ಣು ಅಪ್ಪಚ್ಚಿಯಾಗಲಿಲ್ಲ. ದೊಡ್ಡಪ್ಪ ಭಕ್ತಿಯಿಂದ, ಅಂಗೈಯಿಟ್ಟು, ಮೇಲಿಂದ ಒತ್ತಿದರು. ಲಟಕ್! ಚಾಸಿ ಸೀಳಿತು, ಬಾಡಿಯ ತಗಡು ನೆಗ್ಗಿತು, ಸ್ಪೋಕು ಬಿಲ್ಲಾಯಿತು. ನಿಂಬೆಗಳು ಹಾಗೇ ಇದ್ದವು.

“ಅಯ್ಯೋ ಸಿವನೇ,” ಎಂದ ದೊಡ್ಡಪ್ಪನ ಮುಖ ಕಡ್ಲೆಪುರಿಯಷ್ಟು ಬೆಳ್ಳಗಾಯಿತು. “ದೃಷ್ಟಿ ಓಯ್ತು ಅಂದ್ಕಬುಡು ಮಗಾ. ನಾಳೆ ಸಂಜೆ ಪೂಜೆ ಕದಲಿಸಿ ಸಾಮಾನು ತಕ್ಕಂಡ್ಮೇಲೆ ನಾನೇ ಮಾಡ್ಕೊಡ್ತೀನಿ.”

“ನಾಳಿದ್ದು ಬೆಳಗ್ಗೇನೇ ಎಕ್ಸಿಬಿಷನ್ ದೊಡ್ಡಪ್ಪಾ! ಪೇಂಟು ಒಣಗೋದು ಯಾವಾಗ? ಈಗ್ಲೇ ಒಂದು ಸ್ಕ್ರೂಡ್ರೈವರ್ ಕೊಡಿ.”

“ಪೂಜೆಗಿಟ್ಟಿದ್ನ ನಾನೇ ಮುಟ್ಟಂಗಿಲ್ಲ ಕಣವ್ವಾ.”

ಮುರಿದ ಕಾರನ್ನು ಎತ್ತಿಕೊಂಡು ಅಳತೊಡಗಿದೆ. ಕಡ್ಲೆಪುರಿ ಪೊಟ್ಟಣ ಹಿಡಿದು ನಿಂತಿದ್ದ ಶಬೀನಾ ನನ್ನ ತೋಳು ಹಿಡಿದೆಳೆದಳು. “ಅಳ್ತಾ ನಿಂತ್ಕಂಡ್ರೆ ಫ್ಲವರ್ ವಾಸೇ ಗತಿ. ಏಳು. ನಮ್ಮನೇಲಿ ಪೂಜೆ ಇಲ್ವಲ್ಲ, ಅಮ್ಮಿ ಕತ್ರಿ ಸುಮ್ನೆ ಬಿದ್ದದೆ.”

ಅವಳ ಅಮ್ಮಿ ಬ್ಲೌಸ್ ಹೊಲಿಯುತ್ತಿದ್ದರು. ಕತ್ತರಿ ಕೇಳಿದ್ದಕ್ಕೆ, “ಅರೆ, ತಗಡು ಕತ್ರಿಸಿದ್ರೆ ನಾಳೆ ಬಟ್ಟೆ ಕತ್ರಿಸ್ತದಾ?” ಎಂದು ಗದರಿ, ಒಂದು ಮೊಂಡು ಕತ್ತರಿ ಹುಡುಕಿ ಕೊಟ್ಟರು. ಒಡೆದ ಸ್ಲೇಟಿನ ಮರದ ಚೌಕಟ್ಟು ಹೊಸ ಚಾಸಿಯಾಯಿತು. ಸೀಮೆಎಣ್ಣೆ ಸ್ಟೋವಿನಲ್ಲಿ ಸ್ಪೋಕು ಕಾಯಿಸಿ ಮರಕ್ಕೆ ತೂತು ಸುಟ್ಟೆವು. ಶಬೀನಾಳ ಹೆಬ್ಬೆರಳು ಸುಟ್ಟು ಬೊಬ್ಬೆ ಬಂತು. ಬಾಯಿಗಿಟ್ಟು ಚೀಪಿ, ಮತ್ತೆ ಕೆಲಸಕ್ಕೆ ಕೂತಳು. ಮಾರನೆಯ ದಿನವೂ ಅಷ್ಟೇ. ಅಮ್ಮಿ ಕೊಟ್ಟ ಶಾವಿಗೆ ಪಾಯಸ ನಮ್ಮ ಪಕ್ಕದಲ್ಲೇ ಆರಿ ಗಟ್ಟಿಯಾಯಿತು.

ಎಕ್ಸಿಬಿಷನ್ ದಿನ ಸಿಸ್ಟರ್ ಲ್ಯಾಬಿನ ಉದ್ದ ಬೆಂಚು ತೋರಿಸಿ, “ಲೆಟ್ ಅಸ್ ಸೀ,” ಎಂದರು. ತಳ್ಳಿದೆವು. ಕಾರು ಹೊರಟಿತು. ನಡುವಿನಲ್ಲಿ ಎಡಕ್ಕೆ ವಾಲಿತು, ಅಂಚಿನಲ್ಲೇ ಕುಂಟುತ್ತಾ ಸಾಗಿತು. “ಓಗು, ಓಗು, ಓಗು,” ಎಂದು ಶಬೀನಾ ಗೊಣಗುತ್ತಿದ್ದಳು. ಬೆಂಚಿನ ಕೊನೆ ಮುಟ್ಟಿ, ಸೀದಾ ಸಿಸ್ಟರ್ ಕೈಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು ಹೋಗಿ ವರ್ಕಿಂಗ್ ಮಾಡೆಲ್ ಟೇಬಲ್ಲಿನಲ್ಲಿ, ಆ ವರ್ಷವೂ ಬಂದಿದ್ದ ಪಂಪಿನ ಪಕ್ಕ ಇಟ್ಟರು. ಪ್ರೈಜು ಗೀಜು ಬರಲಿಲ್ಲ. ಯಾರಿಗೆ ಬೇಕಿತ್ತು!

ಈಗ ನನಗೂ ನರೆ ಬಂದಿದೆ. ದೊಡ್ಡಪ್ಪ ಇಲ್ಲ, ಶೆಡ್ಡಿದ್ದ ಜಾಗದಲ್ಲಿ ಶೆಟರ್ ಹಾಕಿದ ಅಂಗಡಿಗಳು. ಆಟದ ಕಾರನ್ನು ಫೋನಿನ ಮೇಲೆ ಬೆರಳೊತ್ತಿದರೆ ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಒಂದು ವಸ್ತು ಓಡಲೇಬೇಕೆಂದು ಇಬ್ಬರು ಒಟ್ಟಿಗೆ ಹಟ ಹಿಡಿಯುವ ಆ ಸುಖ ಮಾತ್ರ, ಐ ಮಸ್ಟ್ ಸೇ, ನನಗೆ ಮತ್ತೆ ಸಿಗಲಿಲ್ಲ. ಆ ಎಕ್ಸಿಬಿಷನ್ನಿನ ಮರುವರ್ಷವೇ ಅನ್ವರ್ ಸಾಬರು ನಾಗಮಂಗಲದಲ್ಲಿ ಸ್ವಂತ ಕೆಲಸ ಶುರುಮಾಡಿ ಸಂಸಾರ ಕರೆದುಕೊಂಡು ಹೋಗಿದ್ದರು.

ಬಹಳ ವರ್ಷಗಳ ಮೇಲೆ ಹಾಸನದ ಕಡೆ ಹೋಗುವ ನನ್ನ ರೈಲು ಅಕ್ಕಿಹೆಬ್ಬಾಳಿನಲ್ಲಿ ನಿಂತಾಗ, ಪ್ಲಾಟ್‌ಫಾರ್ಮಿನಿಂದ ಯಾರೋ “ಸುಮೀ!” ಎಂದರು. ಶಬೀನಾ. ಕಿಟಕಿಯ ಸರಳೊಳಗಿಂದ ಕೈ ಹಿಡಿದುಕೊಂಡೆವು. ಮಾತು ಶುರುವಾಗುವಷ್ಟರಲ್ಲಿ ರೈಲು ಕದಲಿತು. “ಫೋನ್ ನಂಬರ್ ಯೋಳ್ತೀನಿ, ಬರ್ಕೊ!” ಎಂದು ಜೊತೆಗೇ ಓಡತೊಡಗಿದಳು. ಮೊದಲ ಅಂಕಿಗಳು ಕೇಳಿದವು; ಉಳಿದವನ್ನು ರೈಲಿನ ಸದ್ದು ನುಂಗಿತು. ಪ್ಲಾಟ್‌ಫಾರ್ಮ್ ಮುಗಿದು ಜಲ್ಲಿ ಶುರುವಾಗುವ ಕಡೆ ಅವಳು ನಿಂತಳು. ಅಂಗೈಗಳನ್ನು ಬಾಯಿಯ ಎರಡೂ ಬದಿಗೆ ಹಿಡಿದು, ನನಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ನಂಬರನ್ನು ಮೊದಲಿನಿಂದ ಮತ್ತೆ ಕೂಗುತ್ತಲೇ ಇದ್ದಳು.